ಎದ್ದು ನಿಲ್ಲುವ ಮನೆತನ

ಅಂದು ಗುರುವಾರ. ಎದ್ದವಳೇ ಎಂದಿನಂತೆ ಅಡುಗೆಮನೆಯ ಪರದೆ ಸರಿಸಿ ಆಕಾಶ ನೋಡಿದೆ. ಐರ್ಲೆಂಡಿನ ಈ ಗಾಲ್ವೇಗೆ ಬಂದ ಮೇಲೆ ಕಲಿತ ಅಭ್ಯಾಸ ಇದು. ಇಲ್ಲಿ ಆಕಾಶದ ಮುಖ ನೋಡದೆ ಬಟ್ಟೆಗೆ ಸೋಪು ಹಾಕುವ ಹಾಗಿಲ್ಲ. ಆಮೇಲೆ ಫಿಲ್ಟರ್‌ಗೆ ಕಾಫಿಪುಡಿ. ಲಾಕ್‌ಡೌನಿನಿಂದಾಗಿ ಮೈಸೂರಿನಿಂದ ಪಾರ್ಸೆಲ್ ಬರುವುದು ನಿಂತುಹೋಗಿತ್ತಲ್ಲ, ಹಾಗಾಗಿ ಒಂದು ಚಮಚ ನಮ್ಮೂರಿನ ಪುಡಿ, ಒಂದು ಚಮಚ ಇಲ್ಲಿನ ಅಂಗಡಿಯದು. ಜಗಳವಾಡಿದ ಇಬ್ಬರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದ ಹಾಗೆ ಅದರ ರುಚಿ. ಎರಡೂ ಲೋಟದೊಳಗಿರುತ್ತವೆ, ಒಂದರ ಜೊತೆ ಒಂದು ಮಾತಾಡುವುದಿಲ್ಲ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬಾಗಿಲ ಹಿಡಿಗಳನ್ನೆಲ್ಲ ಔಷಧಿ ನೀರಿನ ಬಟ್ಟೆಯಿಂದ ಒರೆಸಿದೆ. ಮನೆಗೆ ಯಾರೂ ಬರದ ಕಾಲದಲ್ಲಿ ಬಾಗಿಲ ಹಿಡಿ ಒರೆಸುವುದು ಯಾಕೆ ಎಂದು ಕೇಳಬೇಡಿ. ಆಗ ಎಲ್ಲರೂ ಒರೆಸುತ್ತಿದ್ದರು, ನಾನೂ ಒರೆಸುತ್ತಿದ್ದೆ.

ಮಗಳು ಅನಘ ಮೇಲೆ ಸ್ಕೂಲಿನ ಸ್ವೆಟರ್, ಕೆಳಗೆ ಮಲಗುವ ಪೈಜಾಮ ಹಾಕಿಕೊಂಡು ಐಪ್ಯಾಡಿನ ಮುಂದೆ ಕೂತಳು. ನನ್ನ ಗಂಡ ಪ್ರಕಾಶ್ ಮೆಟ್ಟಿಲಿನ ಕೆಳಗಿನ ಹಂತದಲ್ಲಿ ಕೂತು ಶೂ ಹಾಕಿಕೊಳ್ಳುತ್ತಿದ್ದರು. ಮುಂದಿನ ಕಿಟಕಿಯಾಚೆ, ಪಕ್ಕದ ಮನೆಯ ನೀಲಿ ಕಾರು ಹಿಮ್ಮುಖವಾಗಿ ರಸ್ತೆಗಿಳಿಯಿತು. ಕಾರಿನೊಳಗಿಂದ ಮೊರೀನ್ ಕೈಬೀಸಿದರು. ಇವರು ತಟ್ಟನೆ ಎದ್ದು ನಿಂತರು. ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ, ಕೈಯಲ್ಲಿ ಲೇಸು.

"ರೀ, ಅವರು ಕಾರಲ್ಲಿದ್ದಾರೆ. ನೀವು ಮನೆಯೊಳಗಿದ್ದೀರಿ. ಮಧ್ಯ ಗಾಜಿದೆ," ಎಂದೆ.

"ಗೊತ್ತು ಕಣೇ ಲತಾ. ಕಾಲು ತಾನಾಗೇ ಎದ್ಬಿಡುತ್ತೆ."

"ಇವತ್ತೂ ಹೀಗೇ ಎದ್ದು ನಿಂತ್ರೆ ಪರೀಕ್ಷೆ ಹೇಗ್ರೀ ಮಾಡ್ತೀರಿ?"

ಅವರು ಕೂತು ಇನ್ನೊಂದು ಶೂ ಹಾಕಿಕೊಂಡು, ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಪಾರ್ಕ್‌ಮೋರಿನ ಫ್ಯಾಕ್ಟರಿಗೆ ಹೊರಟರು. ಆ ಕಾಫಿಯನ್ನು ಅರ್ಧಕ್ಕೆ ಬಿಟ್ಟದ್ದರಲ್ಲಿ ನನಗೆ ಆಶ್ಚರ್ಯವೇನೂ ಇರಲಿಲ್ಲ, ಆದರೆ ಆ ಅರ್ಧ ಲೋಟವನ್ನು ತೊಳೆಯಲು ಯಾಕೋ ಮನಸ್ಸಾಗಲಿಲ್ಲ. ಸಿಂಕಿನ ಪಕ್ಕದಲ್ಲೇ ಇಟ್ಟೆ.

ಮೊರೀನ್ ನಮ್ಮ ಪಕ್ಕದ ಮನೆಯವರು. ಅಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಇವರು ಕೆಲಸ ಮಾಡುವ, ಆಸ್ಪತ್ರೆಯ ಸಲಕರಣೆ ತಯಾರಿಸುವ ಆ ಇಡೀ ಫ್ಯಾಕ್ಟರಿಗೆ ಮುಖ್ಯಸ್ಥೆಯೂ ಅವರೇ. ಇವರ ಬಾಸಿಗೆ ಬಾಸು, ಆ ಬಾಸಿಗೆ ಮೊರೀನ್. ಇವರ ವರ್ಕ್ ಪರ್ಮಿಟ್ ಮುಂದುವರಿಯಬೇಕೋ ಬೇಡವೋ ಎನ್ನುವುದಕ್ಕೆ ಆ ವರ್ಷ ಹೂಂ ಅನ್ನಬೇಕಾದವರೂ ಅವರೇ. ಅಂದು ಫ್ಯಾಕ್ಟರಿಯಲ್ಲಿ ಆ ಹೆಂಗಸಿಗೆ ಪರೀಕ್ಷೆ. ಪರೀಕ್ಷೆ ಮಾಡಿ ಪಾಸು ಅಥವಾ ಫೇಲು ಎಂದು ಮುಖಕ್ಕೆ ಮುಖ ಕೊಟ್ಟು ಹೇಳಬೇಕಾದವರು ಶೂ ಲೇಸು ಕೈಯಲ್ಲಿ ಹಿಡಿದು ಗಾಜಿನ ಈಚೆ ಎದ್ದು ನಿಂತಿದ್ದ ನನ್ನ ಗಂಡ.

ಇದು ಹೇಗಾಯಿತು ಎಂದು ಹೇಳುವ ಮೊದಲು ಎದ್ದು ನಿಲ್ಲುವ ವಿಷಯವನ್ನು ಸ್ವಲ್ಪ ಹೇಳಿಬಿಡುತ್ತೇನೆ. ಇದು ನಮ್ಮ ಮನೆತನದಲ್ಲಿ ಇರುವ ಕಾಯಿಲೆ, ಎರಡೂ ಕಡೆಯಿಂದ ಬಂದದ್ದು. ನನ್ನ ಮಾವನವರು ಮೈಸೂರಿನಲ್ಲಿ ಬ್ಯಾಂಕಿನಲ್ಲಿದ್ದರು. ಮ್ಯಾನೇಜರು ಮನೆಗೆ ಫೋನು ಮಾಡಿದರೆ ಮಾವನವರು ಎದ್ದು ನಿಂತು, ಒಂದು ಕೈಯಲ್ಲಿ ಪಂಚೆ ಸರಿಮಾಡಿಕೊಂಡು, "ನಮಸ್ಕಾರ ಸಾರ್" ಎಂದು ಗೋಡೆಗೆ ಹೇಳುತ್ತಿದ್ದರು. ಅತ್ತೆ ಒಳಗಿನಿಂದ, "ಶರ್ಟೂ ಹಾಕ್ಕೊಂಡ್ಬಿಡಿ, ಅವರಿಗೆ ಕಂಡೀತು," ಎಂದು ಕಿಚಾಯಿಸುತ್ತಿದ್ದರು.

ನನ್ನ ಕಡೆಯದು ಕಾನ್ವೆಂಟಿನ ಕಾಯಿಲೆ. ಸಿಸ್ಟರ್ ಬಾಗಿಲಲ್ಲಿ ಕಂಡರೆ ಸಾಕು, ಇಡೀ ತರಗತಿ ಬೆಂಚುಗಳನ್ನು ಹಿಂದಕ್ಕೆ ತಳ್ಳಿ ಎದ್ದು, "ಗೂ...ಡ್ ಮಾ...ರ್ನಿಂಗ್ ಸಿಸ್...ಟರ್" ಎಂದು ರಾಗ ಎಳೆಯಬೇಕು. ಆ ರಾಗ ನನ್ನ ಮೈಯಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎನ್ನುವುದು ಗೊತ್ತಾದದ್ದು ಲಾಕ್‌ಡೌನಿನ ಮೊದಲ ವಾರ. ಇವರು ಮನೆಯಿಂದಲೇ ಮೀಟಿಂಗಿನಲ್ಲಿದ್ದರು. ಕಾಫಿ ಕೊಡಲು ಒಳಗೆ ಹೋದೆ. ಪರದೆಯ ಮೇಲೆ ಮೊರೀನ್ ಮುಖ, "ಗುಡ್ ಮಾರ್ನಿಂಗ್ ಲತಾ," ಎಂದಿತು. ನಾನು ಲೋಟ ಹಿಡಿದುಕೊಂಡೇ ನೆಟ್ಟಗೆ ನಿಂತು ಅದೇ ರಾಗದಲ್ಲಿ, "ಗೂ...ಡ್ ಮಾ...ರ್ನಿಂಗ್ ಮ್ಯಾ...ಡಂ" ಎಂದೆ. ಪುಟ್ಟ ಪುಟ್ಟ ಚೌಕಗಳಲ್ಲಿದ್ದ ಮುಖಗಳೆಲ್ಲ ನಕ್ಕವು. ಇವರು ಮಾತ್ರ ನಗಲಿಲ್ಲ, ಯಾಕೆಂದರೆ ಅವರೂ ಎದ್ದು ನಿಂತಿದ್ದರು. ಕ್ಯಾಮೆರಾದಲ್ಲಿ ಅವರ ಹೊಟ್ಟೆ ಮಾತ್ರ ಕಾಣುತ್ತಿತ್ತು.

ಈ ಎದ್ದು ನಿಲ್ಲುವುದರ ಒಂದು ದುಃಖದ ಕತೆಯೂ ಇದೆ. ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬರ್ನಡೆಟ್ ಇದೇ ಐರ್ಲೆಂಡಿನವರು. ಗಾಲ್ವೇಗೆ ಬಂದ ಹೊಸದರಲ್ಲಿ ತರಕಾರಿ ಅಂಗಡಿಯಲ್ಲಿ ಹಿಂದಿನಿಂದ ಯಾರೋ "ನೌ ಲವ್" ಎಂದಾಗ ನಾನು ಬುಟ್ಟಿ ಕೆಳಗಿಟ್ಟು ತಿರುಗಿ ನೋಡಿದ್ದೆ, ಸಿಸ್ಟರ್ ಮಾತಿನ ಅದೇ ದನಿ. ಐವತ್ತು ದಾಟಿದ ಮೇಲೆ ಸಿಸ್ಟರ್‌ಗೆ ವೀಣೆ ಕಲಿಯಬೇಕೆಂದು ಆಸೆಯಾಯಿತು. ನಮ್ಮ ಸಂಗೀತದ ಟೀಚರ್ ಕಮಲಮ್ಮನವರನ್ನು ದಿನಾ ಸಂಜೆ ಆಫೀಸಿಗೆ ಕರೆಸಿ ಕಲಿತರು. ಸಿಸ್ಟರ್ ನೆಲದ ಮೇಲೆ ಚಾಪೆ ಹಾಸಿ ಕೂರುತ್ತಿದ್ದರು, ಕಮಲಮ್ಮ ಟೀಚರ್ ಮಾತ್ರ ನಿಂತೇ ಇರುತ್ತಿದ್ದರು. ಗುರು ನಿಂತು, ಶಿಷ್ಯೆ ಕೂತು. ಸಿಸ್ಟರ್ ಏನು ನುಡಿಸಿದರೂ, "ವೆರಿ ನೈಸ್ ಸಿಸ್ಟರ್, ವೆರಿ ನೈಸ್."

ಸ್ಕೂಲ್ ಡೇ ದಿನ ಸಿಸ್ಟರ್ ವೇದಿಕೆಯ ಮೇಲೆ ನುಡಿಸಿದರು. ಶ್ರುತಿಯೂ ಇರಲಿಲ್ಲ, ತಾಳವೂ ಇರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಮುಗಿದ ಮೇಲೆ ಚಪ್ಪಾಳೆಯೋ ಚಪ್ಪಾಳೆ. ಹೆಡ್‌ಮಿಸ್ಟ್ರೆಸ್ ಅಲ್ಲವೇ. ಸಿಸ್ಟರ್ ಮಾತ್ರ ಆ ಅಜ್ಜಿಯ ಸೆರಗನ್ನು ನೋಡಿಬಿಟ್ಟಿದ್ದರು. ಕೋರಸ್ಸಿನ ಹುಡುಗಿಯಾಗಿ ಪರದೆಯ ಹಿಂದೆ ನಿಂತಿದ್ದ ನನಗೆ ಅವರು ಕೆಳಗಿಳಿದು ಬಂದು ಕೇಳಿದ್ದು ಕೇಳಿಸಿತು.

"ಕಮಲಾ, ಯಾಕೆ ನನಗೆ ಹೇಳಲಿಲ್ಲ?"

ಟೀಚರ್ ಕಣ್ಣಲ್ಲಿ ನೀರು ತಂದುಕೊಂಡು, "ನಿಮಗೆ ಹೇಗೆ ಹೇಳಲಿ ಸಿಸ್ಟರ್?" ಎಂದರು.

ಸಿಸ್ಟರ್ ಬೈಯಲಿಲ್ಲ. ಟೀಚರ ಬೆನ್ನು ಸವರಿದರು. ಅಲ್ಲಿಂದಾಚೆ ವೀಣೆಗೆ ಒಂದು ಹೂವಿನ ಕಸೂತಿಯ ಗೌಸು ಬಂತು. ನಾನು ಸ್ಕೂಲು ಬಿಡುವವರೆಗೂ ಆ ಗೌಸು ತೆಗೆದದ್ದನ್ನು ಯಾರೂ ನೋಡಲಿಲ್ಲ.

ಇರಲಿ, ಮೊರೀನ್ ವಿಷಯಕ್ಕೆ ಬರುತ್ತೇನೆ. ದೊಡ್ಡ ಹುದ್ದೆಯವರು ಸಮುದ್ರಕ್ಕೆ ಮುಖ ಮಾಡಿದ ದೊಡ್ಡ ಮನೆಯಲ್ಲಿರುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ನಾವು ಈ ಬಾಡಿಗೆ ಮನೆಗೆ ಬಂದ ದಿನ ಪಕ್ಕದಿಂದ ಆಪಲ್ ಟಾರ್ಟ್ ತಂದುಕೊಟ್ಟ, ಮೊಣಕೈಗೆ ಮಣ್ಣು ಮೆತ್ತಿದ್ದ ಹೆಂಗಸನ್ನು ಇವರು ನೋಡಿ ಬಿಳಿಚಿಕೊಂಡರು. ಆಮೇಲೆ ಒಂದು ತಿಂಗಳು ಇವರು ಹಿತ್ತಲಿಗೆ ಕಾಲಿಡಲಿಲ್ಲ. ಪಂಚೆಯಲ್ಲಿ ಬಾಸಿನ ಕಣ್ಣಿಗೆ ಬೀಳಬಾರದಂತೆ. "ಮೊರೀನ್ ಅಂತ ಕರೆಯಿರಿ, ಸಾಕು," ಎಂದು ಅವರು ಎಷ್ಟು ಸಲ ಹೇಳಿದ್ದಾರೋ. ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ಫ್ಯಾಕ್ಟರಿಯ ನೆಲ ಒರೆಸುವವರೂ. ಬರೆಯುವಾಗ ನಾನು ಧೈರ್ಯವಾಗಿ ಮೊರೀನ್ ಎಂದೇ ಬರೆಯುತ್ತಿದ್ದೇನೆ, ನೋಡಿ. ಎದುರಿಗೆ ಸಿಕ್ಕರೆ ಇವತ್ತಿಗೂ ಹೆಸರಿನ ಹಿಂದೆ ಒಂದು ಮೇಡಂ ತಾನಾಗಿ ಬಂದು ನಿಲ್ಲುತ್ತದೆ.

ಸೋಂಕು ಬಂದ ಮೇಲೆ ಅವರ ಫ್ಯಾಕ್ಟರಿಯಲ್ಲಿ ವಿಚಿತ್ರವಾದ ಪರಿಸ್ಥಿತಿ. ಉಸಿರಾಟದ ಯಂತ್ರಗಳಿಗೆ ಬೇಕಾಗುವ ನಳಿಕೆಗಳಿಗೆ ಎಲ್ಲ ಕಡೆಯಿಂದ ಬೇಡಿಕೆ. ಕೈಕೆಲಸ ಬಲ್ಲವರಲ್ಲಿ ಬಹಳ ಮಂದಿ ಮನೆಯಲ್ಲಿ. ಕೆಲವರಿಗೆ ವಯಸ್ಸಾದ ತಾಯಿ, ಕೆಲವರಿಗೆ ಸ್ಕೂಲಿಲ್ಲದ ಮಕ್ಕಳು, ಕೆಲವರಿಗೆ ಕೆಮ್ಮು. ಇನ್ನೊಂದು ಕಡೆ ಆಫೀಸಿನವರು, ಊರೂರು ಸುತ್ತಿ ಮಾರುತ್ತಿದ್ದವರು, ವಿಮಾನದ ಟಿಕೆಟ್ ಮಾಡಿಸುತ್ತಿದ್ದವರು, ಮಾಡಲು ಕೆಲಸವಿಲ್ಲದೆ ಕೂತಿದ್ದರು. "ಹಾಗಾದರೆ ಕಲಿಯೋಣ," ಎಂದರಂತೆ ಮೊರೀನ್. ಯಾರೂ ಮುಂದೆ ಬರಲಿಲ್ಲ. ಟೈ ಕಟ್ಟಿಕೊಂಡು ಇಪ್ಪತ್ತು ವರ್ಷ ಮಾತಾಡಿದವರಿಗೆ ಸೂಕ್ಷ್ಮದರ್ಶಕದ ಕೆಳಗೆ ನಳಿಕೆಗೆ ದಾರ ಕಟ್ಟು ಎಂದರೆ ಭಯವಾಗದೇ ಇರುತ್ತದೆಯೇ? ಮೊರೀನ್ ತಾವೇ ಮೊದಲು ಹೆಸರು ಕೊಟ್ಟರು. ಅವರು ಲೆಕ್ಕಪತ್ರದ ವಿಭಾಗದಿಂದ ಮೇಲೆ ಬಂದವರು, ಒಂದು ದಿನವೂ ಆ ಮೇಜಿನ ಮುಂದೆ ಕೂತವರಲ್ಲ. ಅಲ್ಲಿ ಕೆಲಸ ಬಲ್ಲವರಿಗೆ ಬಿಳಿ ಟೋಪಿ, ಕಲಿಯುವವರಿಗೆ ಹಳದಿ ಟೋಪಿ. ಇವರು ಗುಣಮಟ್ಟ ನೋಡುವ ಎಂಜಿನಿಯರು, ಕಲಿಸುವುದೂ ಪರೀಕ್ಷೆ ಮಾಡುವುದೂ ಇವರ ಪಾಲಿಗೇ ಬಂತು.

ಮೊದಲ ದಿನ ಮನೆಗೆ ಬಂದವರು ಬಚ್ಚಲಿಗೂ ಹೋಗದೆ ಬಾಗಿಲಲ್ಲೇ ನಿಂತು ಹೇಳಿದರು.

"ಹಳದಿ ಟೋಪಿ ಹಾಕ್ಕೊಂಡು ಬಂದ್ಬಿಟ್ರು ಲತಾ. ಇನ್ನೂರು ಜನರ ಮುಂದೆ. ನಾನು ಎದ್ದು ನಿಂತೆ. ಅವರು ಕೂತ್ರು. ನಾನು ಹೋಟೆಲ್ ಮಾಣಿ ಥರ ಹಿಂದೇನೇ ನಿಂತಿದ್ದೆ. 'ಪ್ರಕಾಶ್, ನೀವು ಕೂರದಿದ್ರೆ ನನ್ನ ಕೈ ನಡುಗುತ್ತೆ' ಅಂದ್ರು. ಕೂತೆ. ಅವರು ತಿರುಗಿ ನೋಡಿದ್ರು, ಮತ್ತೆ ಎದ್ದುಬಿಟ್ಟೆ."

"ಕೆಲಸ ಹೇಗೆ ಮಾಡಿದ್ರು?"

"ಕಟ್ಟಿದ್ದೆಲ್ಲ ಸಡಿಲ. ನಾನು 'ಆಲ್ಮೋಸ್ಟ್ ದೇರ್ ಮ್ಯಾಡಂ' ಅಂದೆ. ಅವರು ಕನ್ನಡಕ ತೆಗೆದು ನನ್ನೇ ನೋಡಿ, 'ಎಲ್ಲಿಗೆ ಆಲ್ಮೋಸ್ಟು?' ಅಂತ ಕೇಳಿದ್ರು ಕಣೇ."

ನಾನು ನಕ್ಕೆ. ಆದರೆ ಬೀನ್ಸ್ ನಾರು ತೆಗೆಯುತ್ತಾ ಯೋಚಿಸಿದಾಗ ನನಗೆ ಮೈ ಜುಮ್ಮೆಂದಿತು. ಆ ದಿನಗಳಲ್ಲಿ ಇವರ ಕಂಪ್ಯೂಟರಿನಿಂದ ನಾಯಕತ್ವ, ಬದಲಾವಣೆ, ಹೊಂದಿಕೊಳ್ಳುವುದು ಎಂದೆಲ್ಲ ಭಾಷಣಗಳು ಹರಿದು ಬರುತ್ತಿದ್ದವು. ಬಾಣಗಳು, ಏಣಿಗಳು, ಬಣ್ಣಬಣ್ಣದ ವೃತ್ತಗಳು. ಪಾತ್ರೆ ತೊಳೆಯುತ್ತಾ ನಾನೂ ಕೇಳಿಸಿಕೊಳ್ಳುತ್ತಿದ್ದೆ, ತಲೆಗೆ ಒಂದೂ ಹೋಗುತ್ತಿರಲಿಲ್ಲ. ಹಳದಿ ಟೋಪಿ ಮಾತ್ರ ಹೋಯಿತು. ನಮ್ಮೂರಿನಲ್ಲಿ ದೊಡ್ಡವರು ಹೊಸದನ್ನು ಕಲಿಯುವುದಾದರೆ ಬಾಗಿಲು ಹಾಕಿಕೊಂಡು ಕಲಿಯುತ್ತಾರೆ. ಸೈಕಲ್ ಕಲಿತ ನನ್ನ ಅತ್ತಿಗೆ ಬೆಳಕು ಹರಿಯುವ ಮೊದಲೇ ಮೈದಾನಕ್ಕೆ ಹೋಗುತ್ತಿದ್ದರು, ಯಾರೂ ನೋಡಬಾರದೆಂದು. ಈ ಹೆಂಗಸು ತನಗೆ ಬರುವುದಿಲ್ಲ ಎನ್ನುವುದನ್ನು ತಲೆಯ ಮೇಲೆ ಹೊತ್ತು, ಅದೂ ಹಳದಿ ಬಣ್ಣದಲ್ಲಿ, ತನ್ನ ಕೈಕೆಳಗಿನವರ ನಡುವೆ ನಡೆದು ಹೋಗಿದ್ದಾಳೆ. ನನಗೆ ಅದು ಸಾಮಾನ್ಯ ಎದೆಗಾರಿಕೆ ಅನ್ನಿಸಲಿಲ್ಲ.

ಇದರೊಳಗೆ ನಾನು ಹೇಗೆ ಸಿಕ್ಕಿಕೊಂಡೆ ಎಂದರೆ, ಡೇಸಿ ಹೂವಿನಿಂದ. ಮೇ ತಿಂಗಳು. ಹುಲ್ಲು ಕತ್ತರಿಸುವವರು ಬಾರದೆ ಹಿತ್ತಲಿನ ತುಂಬ ಬಿಳಿ ಡೇಸಿ ಎದ್ದಿತ್ತು. ಇಲ್ಲಿನ ಮಕ್ಕಳು ಒಂದು ಹೂವಿನ ತೊಟ್ಟನ್ನು ಉಗುರಿನಿಂದ ಸೀಳಿ, ಅದರೊಳಗೆ ಇನ್ನೊಂದನ್ನು ತೂರಿಸಿ ಸರ ಮಾಡುತ್ತಾರೆ. ಅನಘ ಹಾಗೆ ಮಾಡುತ್ತಾ ಕೂತಿದ್ದಳು. ನಾನು ಅವಳ ಪಕ್ಕದಲ್ಲಿ ನಮ್ಮಜ್ಜಿಯ ರೀತಿಯಲ್ಲಿ ಕಟ್ಟುತ್ತಿದ್ದೆ. ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ, ಎರಡು ಹೂ ಈ ಕಡೆ ಮುಖ, ಎರಡು ಆ ಕಡೆ ಮುಖ, ತೊಟ್ಟುಗಳ ಮೇಲೆ ಒಂದು ಸುತ್ತು, ಬೆರಳಲ್ಲಿ ಒಂದು ಕುಣಿಕೆ, ಎಳೆದರೆ ಮುಗಿಯಿತು. ಬಾಳೆನಾರಿಲ್ಲ, ಹೊಲಿಗೆ ದಾರವನ್ನೇ ಎರಡೆಳೆ ಮಾಡಿಕೊಂಡಿದ್ದೆ. ಮಲ್ಲಿಗೆಯಲ್ಲದ ಹೂವಿಗೆ ಅಷ್ಟು ಸಂಭ್ರಮ ಯಾಕೆ ಎಂದು ಅಜ್ಜಿ ಇದ್ದಿದ್ದರೆ ಕೇಳುತ್ತಿದ್ದರು. ಬೆರಳುಗಳಿಗೆ ಕೆಲಸ ಬೇಕಲ್ಲ ಅಜ್ಜಿ, ಅಷ್ಟೇ.

"ಅದೇನು ಗಂಟು ಅದು?"

ಸೊಂಟದೆತ್ತರದ ಗೋಡೆಯಾಚೆ ಮೊರೀನ್ ನಿಂತಿದ್ದರು. ನಾನು ಎದ್ದು ನಿಂತೆ. ಹೆಬ್ಬೆರಳಿಗೆ ದಾರವಿತ್ತು, ಮಡಿಲಲ್ಲಿ ಹೂವಿದ್ದವು. ಎಲ್ಲ ಚೆಲ್ಲಿ, ನಾನೂ ಬೀಳುವುದರಲ್ಲಿದ್ದೆ.

"ಅಯ್ಯೋ ದೇವರೇ, ಕೂತುಕೊಳ್ಳಿ. ನಿಮ್ಮ ಮನೆಯಲ್ಲಿ ಕುರ್ಚಿಗಳಿಗೆ ಕೆಲಸವೇ ಇಲ್ಲವಾ?" ಎಂದರು. ಅವರ ಮಾತನ್ನು ನಮ್ಮ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಆದರೆ ಅವರು ಹೇಳಿದ್ದು ಹೆಚ್ಚುಕಡಿಮೆ ಹೀಗೇ. "ಬಿಗಿಯಾಗಿ ಎಳೆದರೆ ಏನಾಗುತ್ತೆ?"

"ತೊಟ್ಟು ಕತ್ತರಿಸಿ ಹೋಗುತ್ತೆ."

"ಸಡಿಲ ಬಿಟ್ಟರೆ?"

"ಹೂ ಉದುರುತ್ತೆ."

ಅವರು ಗೋಡೆಯ ಮೇಲೆ ಮೊಣಕೈ ಊರಿ, "ನನ್ನ ನಳಿಕೆಯ ಕತೆಯೂ ಇದೇ," ಎಂದರು. "ದಾರ ಬಿಗಿಯಾದರೆ ನಳಿಕೆ ಹಿಸುಕಿ ಹೋಗುತ್ತೆ, ಸಡಿಲವಾದರೆ ಗಾಳಿ ಸೋರುತ್ತೆ. ಎಷ್ಟು ಎಳೆಯಬೇಕು ಅನ್ನುವುದು ನನ್ನ ಬೆರಳಿಗೆ ಗೊತ್ತೇ ಇಲ್ಲ. ಇಷ್ಟು ವರ್ಷ ಕಂಪ್ಯೂಟರ್ ಕುಟ್ಟಿದ್ದು ಬಿಟ್ಟರೆ ಇವು ಏನು ಮಾಡಿವೆ? ಇದನ್ನು ನನಗೆ ಕಲಿಸುತ್ತೀರಾ?"

ಹೀಗೆ ಶುರುವಾಯಿತು. ದಿನಾ ಸಂಜೆ ಗೋಡೆಯ ಆ ಕಡೆ ಅವರ ಕುರ್ಚಿ, ಈ ಕಡೆ ನನ್ನದು, ನಡುವೆ ಸರ್ಕಾರ ಹೇಳಿದಷ್ಟು ದೂರ. ನಮ್ಮಜ್ಜಿ ನನಗೆ ಕಲಿಸಿದ್ದು ಬೆರಳು ಹಿಡಿದು. ಇಲ್ಲಿ ಮುಟ್ಟುವ ಹಾಗಿಲ್ಲ, ಬಾಯಲ್ಲೇ ಹೇಳಬೇಕು. ಬೆರಳಿಗೆ ಗೊತ್ತಿರುವುದನ್ನು ಬಾಯಿಗೆ ತರುವುದು ಎಷ್ಟು ಕಷ್ಟ! ಮೊರೀನ್ ಕಾಲುಚೀಲ ಬಿಚ್ಚಿ ಹೆಬ್ಬೆರಳಿಗೆ ದಾರ ಕಟ್ಟಿಕೊಂಡರು. ಅವರ ಉಗುರಿಗೆ ಕೆಂಪು ಬಣ್ಣವಿತ್ತು, ಹಳೆಯದು, ಅರ್ಧ ಕಿತ್ತುಹೋಗಿತ್ತು, ಅಂಗಡಿಗಳು ಮುಚ್ಚಿದ್ದವಲ್ಲ. ಅವರ ಕೂದಲನ್ನು ಅವರೇ ಕತ್ತರಿಸಿಕೊಂಡದ್ದೂ ಕಾಣುತ್ತಿತ್ತು, ಎಡಗಡೆ ಒಂದು ಬೆರಳಷ್ಟು ಗಿಡ್ಡ.

ಮೊದಲ ಮಾಲೆ ಮುಗಿಸಿ ತೋರಿಸಿದರು. ನಾನು ಏನೆಂದೆ ಹೇಳಿ ನೋಡೋಣ? "ವೆರಿ ನೈಸ್ ಮೇಡಂ, ವೆರಿ ನೈಸ್."

"ಹೌದಾ?" ಎಂದು ಅವರು ಮಾಲೆಯನ್ನು ಎತ್ತಿ ಒಮ್ಮೆ ಕೊಡವಿದರು. ಹೂಗಳೆಲ್ಲ ಹುಲ್ಲಿನ ಮೇಲೆ. ಕೈಯಲ್ಲಿ ಬರೀ ದಾರ. "ಬಹಳ ನೈಸ್. ದಾರ ಬಹಳ ನೈಸ್," ಎಂದು ನನ್ನನ್ನು ನೋಡಿದರು.

ಅನಘ ಪಕ್ಕದಿಂದ, "ಮ್ಯಾಮಿ, ನೀನು ನನಗಾದರೆ ರಾಂಗ್ ಅಂತೀಯ!" ಎಂದು ಇಂಗ್ಲಿಷಿನಲ್ಲಿ ದೂರು ಹೇಳಿದಳು. ಅವಳಿಗೆ ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಗಾಲ್ವೇ ದನಿಯಲ್ಲಿ.

ಆ ಕ್ಷಣ ನನ್ನ ಕಣ್ಣ ಮುಂದೆ ಹೂವಿನ ಕಸೂತಿಯ ಗೌಸು ಬಂತು. ಕಮಲಮ್ಮ ಟೀಚರ್ ಎಲ್ಲೋ ಮೈಸೂರಿನಲ್ಲಿ ಇದ್ದಾರೆ ಅಂದುಕೊಂಡಿದ್ದೆ. ನೋಡಿದರೆ ಇಲ್ಲಿ, ನನ್ನ ಕುರ್ಚಿಯಲ್ಲೇ ಕೂತಿದ್ದರು. ಎರಡನೆಯ ದಿನ ಮೊರೀನ್ ಕುಣಿಕೆಯನ್ನು ಉಲ್ಟಾ ಹಾಕಿದಾಗ ನಾನು ಕಣ್ಣು ಮುಚ್ಚಿಕೊಂಡು, "ತಪ್ಪು," ಎಂದೆ. ಕನ್ನಡದಲ್ಲೇ ಬಾಯಿಗೆ ಬಂತು. ಅರ್ಥ ಹೇಳಬೇಕಾಗಿ ಬರಲಿಲ್ಲ. ಮೊರೀನ್ ಮುಖ ಅರಳಿತು, ಬಿಸಿಲು ಬಿದ್ದ ಹಾಗೆ. "ಗ್ರ್ಯಾಂಡ್. ಈಗ ಹೇಳಿ, ಎಲ್ಲಿ?"

ಈ ಗ್ರ್ಯಾಂಡ್ ಎನ್ನುವ ಮಾತಿಗೆ ಇಲ್ಲಿ ಎಲ್ಲೆಯೇ ಇಲ್ಲ. ಚಹಾ ಗ್ರ್ಯಾಂಡ್, ಮೋಡ ಗ್ರ್ಯಾಂಡ್, ಜ್ವರ ಬಿಟ್ಟರೆ ಗ್ರ್ಯಾಂಡ್. ತಪ್ಪು ಎಂದು ಹೇಳಿಸಿಕೊಂಡು ಗ್ರ್ಯಾಂಡ್ ಎಂದವರನ್ನು ನಾನು ನೋಡಿದ್ದು ಅದೇ ಮೊದಲು. ಬಿಚ್ಚಿದರು, ಕಟ್ಟಿದರು, ಬಿಚ್ಚಿದರು. ಒಂದೊಂದು ಸಲ ಕಟ್ಟಿದ ಮೇಲೂ ತಾವೇ ಹಿಡಿದು ಕೊಡವುತ್ತಿದ್ದರು. ಹೂ ಉದುರಿದರೆ ಬೇಸರವಿಲ್ಲ, ಒಂದು ರೀತಿಯ ಕುತೂಹಲ. ಮಗು ಲೋಟವನ್ನು ಬೇಕೆಂದೇ ಬೀಳಿಸಿ ನೋಡುತ್ತದಲ್ಲ, ಹಾಗೆ. ಹಗಲೆಲ್ಲ ಯಾವ ಯಾವ ದೇಶದವರಿಗೋ ಉತ್ತರ ಹೇಳಿ, ಯಾರ ಯಾರ ಕೆಲಸವನ್ನೋ ಉಳಿಸಲು ಹೆಣಗಿ ಬಂದ ಹೆಂಗಸು ಅವರು. ಅವರ ಹಣೆಯ ಮೇಲೆ ಟೋಪಿಯ ರಬ್ಬರು ಕೆಂಪಗೆ ಗೆರೆ ಎಳೆದಿರುತ್ತಿತ್ತು. ನಾನು ಹೂವಿಗಿಂತ ಹೆಚ್ಚು ಆ ಗೆರೆಯನ್ನೇ ನೋಡುತ್ತಿದ್ದೆ. ದೇವಸ್ಥಾನದಲ್ಲಿ ಆಗುವ ಹಾಗೆ ಏನೋ ಆಗುತ್ತಿತ್ತು ನನಗೆ. ದೊಡ್ಡವರು ಎಂದರೆ ಎಲ್ಲ ಬಲ್ಲವರು ಎಂದು ತಿಳಿದು ಅಷ್ಟು ವರ್ಷ ಎದ್ದು ನಿಂತಿದ್ದೆ. ಮೊರೀನ್‌ಗೆ ಬರುವುದಿಲ್ಲ, ಅದಕ್ಕಾಗಿಯೇ ಎದ್ದು ನಿಲ್ಲಬೇಕು ಅನ್ನಿಸುತ್ತಿತ್ತು. ಆದರೆ ನಿಂತರೆ ಬೈಯುತ್ತಾರಲ್ಲ.

ಬುಧವಾರ ಕೊನೆಯ ಪಾಠ. ಮಾಲೆ ಅರ್ಧ ನಿಂತಿತು, ಅರ್ಧ ಉದುರಿತು. ಅಂದು ಊಟಕ್ಕೆ ಕೂತಾಗ ನಾನು ಇವರನ್ನು ಕೇಳಿದೆ.

"ಪಾಸಾಗ್ತಾರಾ?"

"ಗೊತ್ತಿಲ್ಲ. ಒಂದಿನ ಚೆನ್ನಾಗ್ ಮಾಡ್ತಾರೆ, ಒಂದಿನ ಇಲ್ಲ."

"ಆಗದೇ ಹೋದ್ರೆ?"

ಇವರು ಅನ್ನದಲ್ಲಿ ಸಾರು ಕಲೆಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. "ಬಾರ್ಡರ್‌ನಲ್ಲಿದ್ರೆ ಪಾಸ್ ಅಂದ್ಬಿಡೋಣ ಅಂತ ಒಂದ್ಸಲ ಅನ್ಸುತ್ತೆ. ಅವರೇನು ದಿನಾ ಲೈನಲ್ಲಿ ಕೂತ್ಕೋತಾರಾ? ಪರ್ಮಿಟ್ ಬೇರೆ ಮುಂದಿನ ತಿಂಗಳು..."

"ಕೂತ್ಕೋತಾರೆ ರೀ. ಅವರನ್ನ ನಾನು ನೋಡಿದ್ದೀನಿ. ಪಾಸ್ ಅಂದ್ರೆ ಮಾರನೇ ದಿನವೇ ಕೂತ್ಕೋತಾರೆ."

"ಅದೇ ಭಯ. ಅವರು ಕಟ್ಟಿದ್ದು ಯಾರ ಬಾಯಿಗೆ ಹೋಗುತ್ತೋ." ಇವರು ತಲೆ ಎತ್ತಿದರು. "ನಮ್ಮಪ್ಪ ಆಗಿದ್ರೆ ಪಾಸ್ ಮಾಡಿ, ಎರಡು ಕೈಯಲ್ಲಿ ಸರ್ಟಿಫಿಕೇಟ್ ಕೊಟ್ಟು, ಬಾಗಿಲವರೆಗೂ ಬಿಟ್ಟು ಬರ್ತಿದ್ರು."

ನಾವಿಬ್ಬರೂ ನಕ್ಕೆವು. ನಗು ಮುಗಿದ ಮೇಲೂ ಅನ್ನ ಹಾಗೇ ಇತ್ತು. ಅವತ್ತು ದೇವರ ಮುಂದೆ ದೀಪ ಹಚ್ಚಿದಾಗ ನಾನು ಕೇಳಿಕೊಂಡದ್ದನ್ನು ಹೇಳಿದರೆ ನೀವೂ ನಗುತ್ತೀರಿ. ಮೊರೀನ್ ಕೈಗೆ ಹದ ಬರಲಿ ಎಂದು ಚಾಮುಂಡಿಯನ್ನು ಕೇಳಿಕೊಂಡೆ. ಆಮೇಲೆ, ಸೀಮೆ ಅವರದ್ದಲ್ಲವೇ ಎಂದು, ಕಾನ್ವೆಂಟಿನ ಮೇರಿ ಮಾತೆಯನ್ನೂ ಕೇಳಿಕೊಂಡೆ. ಅವರು ಚೆನ್ನಾಗಿ ಕಟ್ಟಿಬಿಟ್ಟರೆ ಇವರು ಏನನ್ನೂ ಹೇಳಬೇಕಾಗಿಲ್ಲವಲ್ಲ. ನಿಜ ಹೇಳುವ ಧೈರ್ಯ ಕೊಡು ಎಂದು ಕೇಳಲು ಮಾತ್ರ ನನಗೆ ಹೊಳೆಯಲೇ ಇಲ್ಲ.

ಗುರುವಾರದ ಹಗಲು ಬಹಳ ಉದ್ದವಾಗಿತ್ತು. ಒಗೆದ ಬಟ್ಟೆ ಹೊರಗೆ ಹಾಕಿದೆ, ಹನಿ ಬಂತು, ಒಳಗೆ ತಂದೆ, ಬಿಸಿಲು ಬಂತು, ಹೊರಗೆ ಹಾಕಿದೆ. ಅನಘನಿಗೆ ಗುಣಾಕಾರ ಹೇಳಿಕೊಟ್ಟೆ. ಫೋನು ರಿಂಗಾದಾಗಲೆಲ್ಲ ಓಡಿದೆ. ಒಮ್ಮೆ ಅತ್ತೆ, ಒಮ್ಮೆ ವಿದ್ಯುತ್ ಕಂಪನಿಯವರು. ಅತ್ತೆಗೆ ವಿಷಯ ಹೇಳಲಿಲ್ಲ. ಹೇಳಿದ್ದರೆ, "ದೊಡ್ಡೋರ ಸಹವಾಸ ಯಾಕಮ್ಮ, ಏನು ಕೇಳ್ತಾರೋ ಹೂಂ ಅಂದ್ಬಿಡ್ಲಿ," ಎನ್ನುತ್ತಿದ್ದರು. ತಪ್ಪೇನಿಲ್ಲ. ನಾಲ್ಕು ಮಕ್ಕಳನ್ನು ಅವರು ಓದಿಸಿದ್ದೇ ಹೂಂ ಅಂದ ಸಂಬಳದಲ್ಲಿ. ಆ ಅರ್ಧ ಲೋಟ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಮಧ್ಯಾಹ್ನದ ಮೇಲೆ ಅದನ್ನು ತೊಳೆದಿಟ್ಟೆ.

ಸಂಜೆ ಇವರು ಬಂದರು. ಎಂದಿನಂತೆ ಹಿಂದಿನ ಬಾಗಿಲಲ್ಲಿ ಶೂ ಬಿಚ್ಚಿದರು, ಬಟ್ಟೆಯನ್ನು ನೇರ ಮೆಷಿನಿಗೆ ಹಾಕಿದರು. ಮುಖ ನೋಡಿದೆ. ಆ ಮುಖದಲ್ಲಿ ಏನೂ ಬರೆದಿರಲಿಲ್ಲ, ದಣಿವು ಬಿಟ್ಟರೆ.

"ಏನಾಯ್ತು ರೀ?"

"ಸ್ನಾನ ಮಾಡ್ಕೊಂಡು ಬರ್ತೀನಿ."

"ಅದಲ್ಲ, ಪರೀಕ್ಷೆ..."

"ಬರ್ತೀನಿ ಲತಾ. ಸ್ವಲ್ಪ ನಿಲ್ಲು. ಕಾಫಿ ಇಡು, ದೊಡ್ಡ ಲೋಟದಲ್ಲಿ."

ಮೆಟ್ಟಿಲು ಹತ್ತಿ ಹೋದರು. ಮೇಲೆ ನೀರು ಬಿದ್ದ ಸದ್ದು ಶುರುವಾಯಿತು, ನಿಲ್ಲುವ ಹಾಗೆ ಕಾಣಲಿಲ್ಲ. ಹಾಲು ಒಲೆಯ ಮೇಲಿಟ್ಟು, ಸಣ್ಣ ಉರಿ ಮಾಡಿ, ಮುಂಬಾಗಿಲ ಮೆಟ್ಟಿಲಿನ ಮೇಲೆ ಬಂದು ಕೂತೆ. ಮರುದಿನ ಬೆಳಿಗ್ಗೆ ಕಸದ ಗಾಡಿ ಬರುವ ದಿನ, ಬೀದಿಯ ತುಂಬ ಬಿನ್ನುಗಳನ್ನು ಎಳೆಯುವ ಗಡಗಡ ಸದ್ದು. ಪಕ್ಕದ ಮನೆಯಿಂದಲೂ ಒಂದು ಬಿನ್ನು ಹೊರಟಿತು. ಹಿಂದೆ ಮೊರೀನ್, ಹಳೆಯ ಕಾರ್ಡಿಗನ್, ಕಾಲಲ್ಲಿ ಮನೆಯ ಚಪ್ಪಲಿ. ಹಣೆಯ ಮೇಲೆ ಅದೇ ಕೆಂಪು ಗೆರೆ.

"ನಾಳೆ ಹಸಿರು ಬಿನ್ನೋ ಕಂದೋ?" ಎಂದು ಕೇಳಿದರು.

"ಹಸಿರು," ಎಂದೆ. ಮೊದಲ ಬಾರಿಗೆ ಎದ್ದು ನಿಲ್ಲುವುದು ಮರೆತೇ ಹೋಗಿತ್ತು. "ಮೇಡಂ... ಮೊರೀನ್, ಇವತ್ತು..."

"ಓ, ಅದಾ? ಫೇಲ್," ಎಂದರು, ನಾಳೆ ಮಳೆ ಎನ್ನುವ ಹಾಗೆ. "ಎರಡು ಸಡಿಲ, ಒಂದು ಹಿಸುಕಿ ಹೋಗಿತ್ತು. ಸೋಮವಾರ ಮತ್ತೆ."

"ಸಾರಿ... ನಾನು ಇನ್ನೂ ಸರಿಯಾಗಿ..."

"ಸಾರಿ ಯಾಕೆ? ಮಧ್ಯಾಹ್ನ ಊಟದ ಹೊತ್ತಿಗೆ ಫ್ಯಾಕ್ಟರಿಗೆಲ್ಲ ಗೊತ್ತಾಯಿತು. ನಾನೇ ಗೋಡೆಗೆ ಹಚ್ಚಿಸಿದೆ. ಆಮೇಲೆ ನೋಡಿ, ಮಾರಾಟದವರು ಒಬ್ಬೊಬ್ಬರೇ ಬಂದು ಹಳದಿ ಟೋಪಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಇವಳೇ ಫೇಲಾದಮೇಲೆ ನಮಗೇನು ಅಂತ. ಟೋಪಿ ಸಾಲದೆ ಹೋಯಿತು." ಬಿನ್ನಿನ ಮುಚ್ಚಳ ಒತ್ತಿ ಮುಚ್ಚಿದರು. "ನಾಳೆ ಸಂಜೆ ಹೂವಿರುತ್ತಲ್ಲ? ಅನಘ ಎಲ್ಲ ಕಿತ್ತುಬಿಟ್ಟಾಳು, ಸ್ವಲ್ಪ ಉಳಿಸೋಕೆ ಹೇಳಿ."

ಹೂಂ ಎಂದು ತಲೆಯಾಡಿಸಿದೆ. ಒಳಗೆ ಹಾಲು ಉಕ್ಕುವ ವಾಸನೆ ಬಂತು, ಮೇಲೆ ನೀರಿನ ಸದ್ದು ನಿಂತಿತು. ಮೊರೀನ್ ಬಿನ್ನನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಚಪ್ಪಲಿ ಎಳೆಯುತ್ತಾ ವಾಪಸ್ಸು ಹೊರಟವರು, ತ‌ಮ್ಮ ಬಾಗಿಲ ಹಿಡಿ ತಿರುಗಿಸುತ್ತಾ, ಈ ಕಡೆ ನೋಡದೆಯೇ ಹೇಳಿದರು.

"ಅಂದಹಾಗೆ, ಪ್ರಕಾಶ್ ಇವತ್ತು ಕುರ್ಚಿಯಿಂದ ಏಳಲೇ ಇಲ್ಲ. ಮಂಡಿ ನೋವಿರಬೇಕು ಪಾಪ, ಸ್ವಲ್ಪ ಎಣ್ಣೆ ಹಚ್ಚಿ."